ಅಡ್ಡಗೆರೆಯಿಲ್ಲದ ಕೈಬರಹ

ತಪತಿ ದೀದಿ ಮೊದಲ ಸಲ ಬಂದಾಗ ಚೀಲದಿಂದ ಒಂದು ಮಾಸಿದ ಚೀಟಿ ತೆಗೆದು ನನ್ನ ಮುಂದಿಟ್ಟರು. ‘ಆಶಾರ್ ಶೊಮೊಯ್ ಛಾತಾ ಎನೋ.’ ಬರುವಾಗ ಛತ್ರಿ ತಾ ಎಂದು. ಅವರ ತಾಯಿ ಯಾವತ್ತೋ ಅಡುಗೆಮನೆಯಲ್ಲಿ ಬರೆದಿಟ್ಟದ್ದು. ತಾಯಿ ಹೋಗಿ ವರ್ಷವಾಗಿತ್ತು.

“ಇದನ್ನ ಸೆರಗಲ್ಲಿ ನೇಯ್ದು ಕೊಡ್ಬೇಕು ಮಿನತಿ ಬೌದಿ. ಅಮ್ಮನ ಕೈಬರಹದಲ್ಲೇ.”

ಶಾಂತಿಪುರದ ನಮ್ಮ ಮನೆಯಲ್ಲಿ ಮಗ್ಗ ನಮ್ಮವರದು, ಗ್ರಾಫ್ ಕಾಗದ ನನ್ನದು. ನಾನು ಚೌಕ ತುಂಬಿಕೊಟ್ಟಂತೆ ಅವರು ನೇಯುತ್ತಾರೆ. ನವಿಲು, ಮೀನು, ಕಮಲ ಎಲ್ಲ ಬರೆದವಳಿಗೆ ಒಂದು ಸಾಲು ಅಕ್ಷರ ಯಾವ ಮಹಾ ಎಂದುಕೊಂಡೆ.

ನಮ್ಮ ಬಂಗಾಳಿ ಅಕ್ಷರಗಳ ತಲೆಯ ಮೇಲೆ ಅಡ್ಡಗೆರೆ ಇರುತ್ತದೆ, ಮಾತ್ರಾ ಎನ್ನುತ್ತೇವೆ. ಹೊಕ್ಕಿನ ಎಳೆಯಲ್ಲಿ ಅದನ್ನು ಈ ಅಂಚಿನಿಂದ ಆ ಅಂಚಿಗೆ ಎಳೆದುಬಿಟ್ಟರೆ ಉಳಿದದ್ದೆಲ್ಲ ಅದಕ್ಕೆ ಜೋತುಬೀಳುತ್ತದೆ. ಹಾಗೇ ಬರೆದೆ. ನಮ್ಮವರು ನಾಲ್ಕು ದಿನ ಕೂತು ಮಾದರಿ ನೇಯ್ದರು.

ದೀದಿ ನೋಡಿ ಹುಬ್ಬು ಗಂಟಿಕ್ಕಿದರು. “ಏನಿದು, ‘ಎನೋ’ ಹೋಗಿ ‘ತ್ರನೋ’ ಆಗಿದೆಯಲ್ಲ!”

ನಿಜ. ‘ಎ’ಗೆ ಅಡ್ಡಗೆರೆಯಿಲ್ಲ, ಎಳೆದರೆ ಅದೇ ‘ತ್ರ’ ಆಗುತ್ತದೆ. ಒಂದನೇ ತರಗತಿಯ ಪಾಠ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಅದೂ ಅಲ್ದೆ, ಅಮ್ಮ ಮಾತ್ರಾ ಎಳೀತಾನೇ ಇರ್ಲಿಲ್ಲ. ಸರಿಯಾಗಿ ನೋಡಿ.”

ನೋಡಿದೆ. ಅವಸರದ ಕೈ. ಒಂದಕ್ಷರಕ್ಕೂ ತಲೆಗೆರೆಯಿಲ್ಲ.

ಗೆರೆಯಿಲ್ಲದ ಹೊಸ ಕಾಗದ ಕಂಡು ನಮ್ಮವರು ನಕ್ಕರು. “ಹಗ್ಗ ಬಿಚ್ಚಿಟ್ಟು ಬಟ್ಟೆ ಒಣಹಾಕು ಅಂತೀಯಲ್ಲ!”

“ಬರೆದಷ್ಟು ನೇಯಿರಿ ಸಾಕು.”

ನೇಯ್ದರು. ಮಂಡಕ್ಕಿ ಚೆಲ್ಲಿದ ಹಾಗೆ ಕಂಡಿತು. ‘ರ’ದ ಕೆಳಗಿನ ಚುಕ್ಕೆ ಒಂದೇ ಎಳೆಯದು, ಅದು ಜಾರಿಹೋಗಿ ‘ರ’ವೇ ‘ಬ’ ಆಗಿತ್ತು. ಅವರು ಸೂಜಿ ಹಿಡಿದು ಎಲ್ಲವನ್ನೂ ಎಳೆಯೆಳೆಯಾಗಿ ಬಿಚ್ಚಿದರು. ಈ ಸಲ ನಗಲಿಲ್ಲ.

ಮೂರನೆಯ ಮಾದರಿಯಲ್ಲಿ ಚುಕ್ಕೆ ನಿಂತಿತು, ಅಕ್ಷರ ಓದಲೂ ಬಂತು. ದೀದಿ ಬಹಳ ಹೊತ್ತು ನೋಡಿದರು. “ಇದು ಅಮ್ಮನ ಕೈಯಲ್ಲ. ಮೆಟ್ಟಿಲು ಮೆಟ್ಟಿಲಾಗಿದೆ.”

ನನಗೆ ತಡೆಯಲಾಗಲಿಲ್ಲ. “ದೀದಿ, ನೂಲು ಹೋಗೋದು ಎರಡೇ ಕಡೆ. ಉದ್ದಕ್ಕೆ, ಅಡ್ಡಕ್ಕೆ. ನಿಮ್ಮಮ್ಮನ ಕೈ ಹೋದ ಕಡೆಗೆಲ್ಲ ನಾನು ಎಲ್ಲಿಂದ ತರ್ಲಿ? ಬೇಕಾದ್ರೆ ನೀವೇ ಬರೀರಿ!” ಎಂದು ಪೆನ್ಸಿಲ್ಲು ಅವರ ಮುಂದೆ ಎಸೆದೆ.

ಒಳಗೆ ಮಗ್ಗದ ಸದ್ದು ನಿಂತಿತು. ದೀದಿ ಎದ್ದು ಹೊರಡುತ್ತಾರೆ ಎಂದುಕೊಂಡೆ. ಅವರು ಪೆನ್ಸಿಲ್ಲು ಎತ್ತಿಕೊಂಡು ಕೂತರು.

ಮಧ್ಯಾಹ್ನವೆಲ್ಲ ಬರೆದರು. ಐದು ಹಾಳೆ ಹರಿದು ಹಾಕಿದರು. ‘ಛ’ದ ಸುರುಳಿಯ ಹತ್ತಿರ ಬಂದಾಗಲೆಲ್ಲ ಕೈ ನಿಲ್ಲುತ್ತಿತ್ತು. ನಾನು ತಂದಿಟ್ಟ ಚಹಾ ಆರಿಹೋಯಿತು.

“ಥೂ! ನಂಗೂ ಆಗಲ್ಲ,” ಎಂದು ಹಣೆ ಒತ್ತಿಕೊಂಡರು. ಕಣ್ಣು ತುಂಬಿತ್ತು. ಆಮೇಲೆ ಚೀಟಿಯ ಮೇಲೆ ಬೆರಳಾಡಿಸುತ್ತ ಹೇಳಿದರು, “ಅಮ್ಮ ಇಲ್ಲಿ ಪೆನ್ ಎತ್ತುತ್ತಿರ್ಲಿಲ್ಲ. ‘ಛಾತಾ’ ಅಷ್ಟನ್ನೂ ಒಂದೇ ಉಸಿರಿಗೆ ಬರೀತಿದ್ರು. ಹೀಗೆ.”

ಅವರ ಬೆರಳು ಹೋದ ದಾರಿ ನೋಡಿದೆ. ಇಷ್ಟು ದಿನ ನಾನು ಅಕ್ಷರಗಳನ್ನು ಒಂದೊಂದಾಗಿ ಕಿತ್ತು ಬರೆಯುತ್ತಿದ್ದೆ. ಸಣ್ಣ ಚೌಕದ ಹಾಳೆ ತೆಗೆದು, ಅವರ ಬೆರಳನ್ನೇ ಹಿಂಬಾಲಿಸಿ, ಆ ಒಂದು ಪದ ತುಂಬಿದೆ. ಬೇರೆ ಪದಗಳನ್ನು ಹಾಗೆ ಹಿಡಿಯಲು ಹೋದರೆ ಹಿಡಿತಕ್ಕೆ ಬರಲಿಲ್ಲ. ಅವಕ್ಕೆ ತಾಯಿಯ ಬೆರಳು ಹೇಗೆ ಹೊರಳುತ್ತಿತ್ತೋ ದೀದಿಗೂ ನೆನಪಿರಲಿಲ್ಲ.

ಕೊನೆಗೆ ಅದೊಂದೇ ಪದವನ್ನು ಸೆರಗಿನ ಮೂಲೆಯಲ್ಲಿ ನೇಯ್ದದ್ದಾಯಿತು. ನವಿರು ನೂಲಿನಲ್ಲಿ, ಹನ್ನೊಂದು ದಿನ. ನಮ್ಮವರ ಕಣ್ಣು ಕೆಂಪಾಗಿತ್ತು.

ದೀದಿ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಗೌರ್‌ದಾ, ಇದು ಅಮ್ಮನೇ,” ಎಂದು ನಮ್ಮವರಿಗೆ ಹೇಳಿದರು. ಮಡಿಸುವಾಗ ಮಾತ್ರ ಒಮ್ಮೆ ನಿಂತು, “‘ತ’ದ ಹೊಟ್ಟೆ ಇನ್ನೊಂಚೂರು ದುಂಡಗಿರ್ಬೇಕಿತ್ತು,” ಎಂದರು.

“ಗೊತ್ತು ದೀದಿ,” ಎಂದೆ. ಗೊತ್ತಿತ್ತು. ಅಲ್ಲೊಂದು ಅರ್ಧ ಚೌಕ ಬೇಕಿತ್ತು, ಕಾಗದದಲ್ಲಿ ಅರ್ಧ ಚೌಕ ಇರುವುದಿಲ್ಲ.