ಒಳಮಡಿಕೆ

ಒದ್ದೆ ಬಟ್ಟೆಯಲ್ಲಿ ಕಿಟಕಿಕಟ್ಟೆ ಒರೆಸಿ ತಿರುಗುವಷ್ಟರಲ್ಲಿ ಇರುವೆಗಳು ಮತ್ತೆ ಸಾಲು ಕೂಡಿಸಿಕೊಂಡಿದ್ದವು. ಅವಳು ಇನ್ನೊಮ್ಮೆ ಒರೆಸಿದಳು. ಬಿಳಿ ಪುಡಿಯ ಡಬ್ಬಿ ತಂದು ಕಟ್ಟೆಯುದ್ದಕ್ಕೂ ಗೆರೆ ಎಳೆದಳು. ಕೆಳಗೆ ಬಾಡಿಗೆ ಕಾರಿನವನು ಆಗಲೇ ಹಾರನ್ ಹೊಡೆಯುತ್ತಿದ್ದ.

"ಅಲ್ಲಿ ಗಂಡನ ಹೆಣ ಕಾಯ್ತಾ ಇದೆ, ನೀನಿಲ್ಲಿ ಇರುವೆ ಓಡಿಸ್ತಾ ಇದೀಯ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ.

"ಸಾಯಂಕಾಲ ಮನೆಗೆ ಜನ ಬರ್ತಾರೆ ಅಕ್ಕ. ನೋಡಿದವರು ಏನಂದ್ಕೋತಾರೆ."

"ಸಾವಿನ ಮನೇಲಿ ಇರುವೆ ಎಣಿಸೋಕೆ ಯಾರೂ ಬರಲ್ಲ. ನಡಿ."

ಆ ಇರುವೆಗಳ ಮೇಲೆ ಅವಳಿಗೆ ತಿಂಗಳುಗಳ ಸಿಟ್ಟು. ಅಡುಗೆಮನೆಯ ಸಕ್ಕರೆ ಡಬ್ಬಿಯನ್ನು ಮೂಸಿಯೂ ನೋಡದ ಅವು ಗಂಡನ ಮೇಜಿನ ಪಕ್ಕದ ಈ ಕಟ್ಟೆಗೇ ಮುತ್ತುತ್ತಿದ್ದವು. ಅಲ್ಲಿ ಇದ್ದದ್ದು ಅಗಲ ಎಲೆಯ ಗಿಡದ ಒಂದು ಕುಂಡ, ಅಷ್ಟೆ. ಮೇಲಿನ ಮನೆಯವರು ತಿಂಡಿಯ ಚೂರು ಉದುರಿಸುತ್ತಾರೆಂದು ಅವಳು ಹತ್ತಿ ಹೋಗಿ ಜಗಳ ಆಡಿ ಬಂದಿದ್ದಳು. ಗಂಡ ಕಂಪ್ಯೂಟರಿನಿಂದ ತಲೆ ಎತ್ತದೆ "ಹೋಗ್ಲಿ ಬಿಡು" ಎಂದಿದ್ದ. ಅವನ ಮಟ್ಟಿಗೆ ಅದು ಭಾಷಣವೇ. ಅಕ್ಕ ಮದುವೆಯಾದ ವರ್ಷವೇ ಅವನಿಗೆ ಮೂಗಬಸವ ಎಂದು ಹೆಸರಿಟ್ಟಿದ್ದಳು.

ಮೊನ್ನೆ ಬಣ್ಣದ ಕಾರ್ಖಾನೆಯ ದಾಸ್ತಾನು ವಿಭಾಗದಲ್ಲಿ, ಕೂತ ಕುರ್ಚಿಯಲ್ಲೇ ಅವನು ವಾಲಿಕೊಂಡಿದ್ದ. ಆಸ್ಪತ್ರೆಯವರು ಹೃದಯ ನಿಂತಿತು ಎಂದರು. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ ಎಂದು ಕೇಳುವಷ್ಟು ಬುದ್ಧಿ ಆ ಹೊತ್ತಿಗೆ ಅವಳಿಗೆ ಓಡಲಿಲ್ಲ.

ಚಿತಾಗಾರದ ಸಭಾಂಗಣಕ್ಕೆ ಬೆರಳೆಣಿಕೆಯ ಜನ ಬಂದಾರು ಎಂದುಕೊಂಡಿದ್ದಳು. ಹೋಗಿ ನೋಡಿದರೆ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಕಾರ್ಖಾನೆಯವರು ಕೆಲವರು, ಅವಳ ಹೊಲಿಗೆ ಅಂಗಡಿಯ ಗಿರಾಕಿಗಳು ಕೆಲವರು. ಉಳಿದವರ ಮುಖವನ್ನು ಅವಳು ಕಂಡೇ ಇರಲಿಲ್ಲ. ರೈಲಿಳಿದು ನೇರವಾಗಿ ಬಂದವರ ಹಾಗೆ ಬೆನ್ನಿಗೆ ಚೀಲ ಹಾಕಿಕೊಂಡೇ ನಿಂತು, ಒಬ್ಬರಿಗೊಬ್ಬರು ಪರಿಚಯ ಹೇಳಿಕೊಳ್ಳುತ್ತಿದ್ದರು. ಅವರ ಬಾಯಲ್ಲಿ ಮಾವ, ಮಾವ ಎಂಬುದೊಂದೇ ಮಾತು. ಮಾವ ಎಷ್ಟು ನಗಿಸ್ತಿದ್ರು, ಮಾವ ಎಷ್ಟು ತಾಳ್ಮೆಯಿಂದ ಉತ್ತರ ಕೊಡ್ತಿದ್ರು, ಎಂಥ ಪೆದ್ದು ಪ್ರಶ್ನೆ ಕೇಳಿದ್ರೂ ಬೈದೋರಲ್ಲ.

"ಯಾರ ಮಾವನೇ ಇವನು?" ಅಕ್ಕ ಪಿಸುಗುಟ್ಟಿದಳು. "ಬೇರೆ ಯಾರದೋ ಹೆಣಕ್ಕೆ ಬಂದವರು ದಾರಿ ತಪ್ಪಿ ಇಲ್ಲಿ ನಿಂತಿದ್ದಾರೆ ಅನ್ಸುತ್ತೆ."

"ಇರಬಹುದು."

"ಆ ನರೆಗೂದಲಿನವಳನ್ನ ನೋಡು. ಬಂದಾಗಿನಿಂದ ಕಣ್ಣು ಒರೆಸ್ಕೊಳ್ತಾನೇ ಇದಾಳೆ. ಕಟ್ಕೊಂಡ ನೀನೇ ಇನ್ನೂ ಅತ್ತಿಲ್ಲ. ಯಾರವಳು?"

ನರೆಗೂದಲಿನವಳು ತಾನೇ ಎದ್ದು ಬಂದಳು. ಇವಳ ಎರಡೂ ಕೈ ಹಿಡಿದುಕೊಂಡಳು. "ನಾನು ಹವಾಮಾನ ಕಚೇರಿಯವಳು. ಇಂಟರ್ನೆಟ್ಟಲ್ಲಿ ನಾವೆಲ್ಲ ಅವರನ್ನ ಮಾವ ಅಂತಲೇ ಕರೀತಿದ್ದದ್ದು. ಮಾವನ ಲೈಬ್ರರಿನ ಇನ್ಮೇಲೆ ನಾನು ನೋಡ್ಕೋತೀನಿ. ಅವರೇ ಕೂತು ಎಲ್ಲಾ ಕಲಿಸಿ ಒಪ್ಪಿಸಿದ್ರು."

"ಲೈಬ್ರರಿ ಇಟ್ಟಿದ್ನಾ ಇವನು?" ಎಂದಳು ಅಕ್ಕ. "ಮನೇಲಿ ಒಂದು ಪುಸ್ತಕ ಕಂಡಿಲ್ಲ ನಾನು."

\*

ಅದೇ ಪ್ರಶ್ನೆಯನ್ನು ಅವಳೂ ಹಿಂದೊಮ್ಮೆ ಕೇಳಿದ್ದಳು. ಅವನ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಗಿರಾಕಿಯ ಪ್ಯಾಂಟಿನ ಅಂಚು ಹೊಲಿಯುತ್ತಿದ್ದ ಒಂದು ಸಂಜೆ. ಅವನು ನಕ್ಕಿದ್ದ.

"ಪುಸ್ತಕದ್ದಲ್ಲ. ಶಾಖೆಗಳಿಂದ ಎಕ್ಸೆಲ್ ಫೈಲು ಬರುತ್ತಲ್ಲ, ಒಂದೊಂದು ಶಾಖೆದು ಒಂದೊಂದು ಅವತಾರ. ಒಬ್ಬ ಎರಡು ಚೌಕ ಕೂಡಿಸಿ ಒಂದು ಮಾಡಿರ್ತಾನೆ, ಇನ್ನೊಬ್ಬ ತಾರೀಕಿನ ಜಾಗದಲ್ಲಿ ತೂಕ ಬರೆದಿರ್ತಾನೆ. ಅದನ್ನೆಲ್ಲ ಬಿಡಿಸಿ ಓದೋ ಪ್ರೋಗ್ರಾಮು ನಂದು. ಯಾರು ಬೇಕಾದ್ರೂ ತಮ್ಮ ಪ್ರೋಗ್ರಾಮಿಗೆ ಜೋಡಿಸ್ಕೊಂಡು ತಮ್ಮ ಫೈಲು ಓದಿಸ್ಕೋಬಹುದು. ಅಂಥದಕ್ಕೆ ಲೈಬ್ರರಿ ಅಂತಾರೆ."

"ಪುಕ್ಕಟೆನಾ?"

"ಪುಕ್ಕಟೆ. ಇಲ್ಲಿ ನೋಡು, ತಮಾಷೆ." ಅವನು ಪರದೆಯ ಮೇಲೆ ಏನೋ ಒತ್ತಿದ. ಆರನೆಯ ಸಾಲಿನ ಕೆಳಗೆ ಎಂಟನೆಯದು ಬಂತು.

"ಏಳು ಎಲ್ಲಿ ಹೋಯ್ತು?"

"ಅಲ್ಲೇ ಇದೆ. ಬಚ್ಚಿಟ್ಟಿದೀನಿ. ಕಣ್ಣಿಗೆ ಕಾಣಲ್ಲ, ಆದ್ರೆ ಫೈಲಿನ ಒಳಗಿರುತ್ತೆ. ನನ್ನ ಲೈಬ್ರರಿ ಅದನ್ನ ಓದ್ಬೇಕಾ, ಬಿಡ್ಬೇಕಾ ಅಂತ ಜನ ಜಗಳಾಡ್ತಿದಾರೆ."

ಅವಳು ಪ್ಯಾಂಟಿನ ಒಳಮಗ್ಗುಲನ್ನು ತಿರುಗಿಸಿ ತೋರಿಸಿದಳು. "ಇದೂ ಹಾಗೇ ಅಲ್ವಾ. ಮೇಲೆ ಕಾಣಲ್ಲ ಅಂತ ಒಳಗೆ ಮಡಚಿ ಹೊಲಿದಿದ್ದು ಬಟ್ಟೆ ಅಲ್ಲ ಅನ್ನೋಕಾಗುತ್ತಾ? ನಾಳೆ ದಪ್ಪ ಆದ್ರೆ ಅದನ್ನೇ ಬಿಚ್ಚಬೇಕು."

ಅವನು ಪರದೆಯ ಕಡೆಗೆ ತಿರುಗಿ ಏನೋ ಟೈಪು ಮಾಡಿದ. ತಾನು ಆಡಿದ ಮಾತು ಗಂಡನ ಕಿವಿಗೆ ಬಿತ್ತಲ್ಲ ಎಂದು ಅವಳಿಗೆ ಆ ರಾತ್ರಿಯೆಲ್ಲ ಖುಷಿ. ಕಟ್ಟಿಕೊಂಡವನಿಂದ ಅವಳು ಕೇಳಿದ್ದು ಅಷ್ಟೇ ಆಗಿತ್ತು, ಸಿಕ್ಕಿದ್ದು ಅದಕ್ಕಿಂತ ಕಡಿಮೆ.

\*

"ಬಚ್ಚಿಟ್ಟ ಸಾಲಿನ ಜಗಳ ನಿಲ್ಲಿಸಿದ್ದು ಮಾವನ ಒಂದೇ ಸಾಲು," ಎಂದು ನರೆಗೂದಲಿನವಳು ಹೇಳುತ್ತಿದ್ದಳು. ಸುತ್ತ ನಿಂತವರು ತಲೆದೂಗಿದರು, ಎಲ್ಲರಿಗೂ ಅದು ಬಾಯಿಪಾಠ. "'ಒಳಗೆ ಮಡಚಿ ಹೊಲಿದದ್ದೂ ಬಟ್ಟೆಯೇ. ಓದುವವರ ಕೈಗೆ ಅದನ್ನೂ ಕೊಡಬೇಕು.' ಅಷ್ಟೇ ಬರೆದ್ರು. ಇವತ್ತಿಗೂ ಬಚ್ಚಿಟ್ಟ ಸಾಲನ್ನ ನಮ್ಮ ಲೈಬ್ರರಿ ಓದಿ ಕೊಡುತ್ತೆ. ನೀವು ಒಪ್ಪಿದ್ರೆ ಆ ಮಾತನ್ನ ಲೈಬ್ರರಿಯ ವೆಬ್‌ಸೈಟಿನ ಮೊದಲ ಪುಟದಲ್ಲಿ ಹಾಕ್ತೀವಿ. ಕೆಳಗೆ ಅವರ ಹೆಸರು."

ಅದು ನನ್ನ ಮಾತು ಎನ್ನಲು ಅವಳು ಬಾಯಿ ತೆರೆದಳು. ಸತ್ತವನ ಮುಂದೆ ಲೆಕ್ಕ ಯಾಕೆ ಎಂದು ಮುಚ್ಚಿಕೊಂಡಳು. ನಿಜ ಹೇಳಬೇಕೆಂದರೆ ಎದೆಯ ಮೂಲೆಯಲ್ಲಿ ಚೂರು ಬೆಚ್ಚಗೂ ಆಯಿತು.

"ನಿಮಗೆ ಯಾವಾಗ ಒಪ್ಪಿಸಿದ್ದು ಅದನ್ನ?" ಎಂದು ಸುಮ್ಮನೆ ಕೇಳಿದಳು.

"ಹೋದ ವರ್ಷವೇ. ಕಾಯಿಲೆ ಗೊತ್ತಾಯ್ತಲ್ಲ, ಆ ವಾರ. ಸಮಯ ಕಡಿಮೆ ಇದೆ, ಬೇಗ ಕಲಿತ್ಕೋ ಅಂದ್ರು."

"ಯಾವ ಕಾಯಿಲೆ?" ಎಂದಳು ಅಕ್ಕ.

ನರೆಗೂದಲಿನವಳು ಅಕ್ಕನ ಮುಖ ನೋಡಿದಳು, ಆಮೇಲೆ ಇವಳದು. "ಹೊಟ್ಟೆಯದು," ಎಂದಳು ಮೆಲ್ಲಗೆ. "ಕ್ಯಾನ್ಸರ್. ಮನೆಯವರಿಗೆಲ್ಲ ಹೇಳಿದೀನಿ ಅಂದಿದ್ರು."

ಇವಳು ನರೆಗೂದಲಿನವಳಿಗೆ ಎದುರಾಗಿ ನಿಂತಳು. "ಹೇಳಿದಾಗ ನಾನೇನಂದೆ ಅಂದ್ರು?"

"ಬೇಡ, ಈಗ ಅದೆಲ್ಲ ಯಾಕೆ."

"ಹೇಳಿ. ನನಗೆ ಬೇಕು."

"ನೀವು ತುಂಬಾ ಅತ್ರಿ, ಆಮೇಲೆ ಎದ್ದು ಮುಖ ತೊಳ್ಕೊಂಡು ಬಂದು 'ಇರೋಷ್ಟು ದಿನ ಚೆನ್ನಾಗಿರೋಣ' ಅಂದ್ರಿ ಅಂತ. ದಿನಾ ಸಂಜೆ ಇಬ್ಬರೂ ಕಿಟಕಿ ಹತ್ರ ಕೂತು ಮಾತಾಡ್ತೀವಿ ಅಂತ ಬರೀತಿದ್ರು. ಅದನ್ನ ಓದಿ ನಾವೆಲ್ಲ…" ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಡಿಬಿಟ್ಟದ್ದನ್ನು ಮುಚ್ಚಲು ಹೋಗಿ ಇನ್ನೊಂದು ಹೆಜ್ಜೆ ಮುಂದಿಟ್ಟಳು. "ಬಾರ್ಲಿ ನೀರಿನ ಕತೆ ಹೇಳಿ ನಗಿಸ್ತಿದ್ರು. ಅವರಿಗೆ ಗಂಟಲಲ್ಲಿ ಇಳೀತಿರಲಿಲ್ಲ ಅಂತ ನಿಮಗೂ ಗೊತ್ತಿತ್ತಂತೆ. ಅವರು ಕುಂಡಕ್ಕೆ ಸುರೀತಿದ್ರಂತೆ, ಇರುವೆ ಬಂದ್ರೂ ನೀವು ಕಂಡೂ ಕಾಣದ ಹಾಗೆ ಇರ್ತಿದ್ರಂತೆ. 'ನಮ್ಮನೆಯವಳಂಥ ಗಟ್ಟಿಗಿತ್ತಿ ಇಲ್ಲ' ಅಂತಿದ್ರು."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

\*

ಗ್ಯಾಸ್ಟ್ರಿಕ್ ಎಂದಿದ್ದ ಅವನು. ಕೂತಲ್ಲೇ ಕೂರುತ್ತೀರಿ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಮತ್ತೇನಾಗುತ್ತದೆ ಎಂದು ಅವಳು ಬೈದಿದ್ದಳು. ಎಣ್ಣೆ ಬಿಡಿಸಿದಳು, ಖಾರ ಬಿಡಿಸಿದಳು, ದಿನವೂ ಬೆಳಿಗ್ಗೆ ಅವನಿಗಿಂತ ಮೊದಲೆದ್ದು ಬಾರ್ಲಿ ಬೇಯಿಸಿ ಸೋಸಿ, ಚೂರು ಬೆಲ್ಲ ಹಾಕಿ ಫ್ಲಾಸ್ಕಿಗೆ ತುಂಬಿಸಿ ಅವನ ಮೇಜಿನ ಮೇಲಿಟ್ಟಳು. ಅವನು ಕೆಲಸಕ್ಕೆ ಹೊರಡುವ ಹೊತ್ತಿಗೆ ಫ್ಲಾಸ್ಕು ಖಾಲಿಯಾಗಿರುತ್ತಿತ್ತು. ಖಾಲಿ ಫ್ಲಾಸ್ಕು ತೊಳೆಯುವಾಗ ಅವಳಿಗಾಗುತ್ತಿದ್ದ ಸಮಾಧಾನ ಅವಳಿಗೇ ಗೊತ್ತು.

ಒಂದು ದಿನ ಪ್ಯಾಂಟು ಜಾರುತ್ತಿದೆ ಎಂದು ಅವನು ಬಂದು ನಿಂತ. ಅವಳು ಟೇಪು ಸುತ್ತಿ ಅಳೆದು ಹಿಗ್ಗಿಹೋದಳು.

"ನೋಡಿದ್ರಾ, ನನ್ನ ಮಾತು ಕೇಳಿದ್ದಕ್ಕೆ ಹೊಟ್ಟೆ ಹೇಗೆ ಕರಗಿದೆ. ಮದುವೆ ಹುಡುಗನ ಥರ ಆಗಿದೀರಿ."

"ಹೌದಾ," ಎಂದ ಅವನು.

"ಎರಡೂ ಪಕ್ಕ ಮಡಚಿ ಹೊಲಿದು ಕೊಡ್ತೀನಿ. ಕತ್ತರಿಸಲ್ಲ. ನಾಳೆ ಮತ್ತೆ ದಪ್ಪ ಆದ್ರೆ ಬಿಚ್ಚೋಣ."

ಅವನು ಆಗ ಅವಳ ನೆತ್ತಿಯ ಮೇಲೆ ಕೈಯಿಟ್ಟಿದ್ದ. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಮಂಡಿಯೂರಿ ಕೂತಿದ್ದ ಅವಳು ಅದನ್ನು ಮೆಚ್ಚುಗೆ ಎಂದುಕೊಂಡಳು. ಮತ್ತೊಮ್ಮೆ ಮಡಚಿ ಹೊಲಿಯಬೇಕಾಗಿ ಬಂದಾಗಲೂ ಅವಳು ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಂಡಿದ್ದಳು.

\*

ಮನೆಗೆ ಮಾರಿ, ಊರಿಗೆ ಉಪಕಾರಿ. ಗಾದೆ ಮಾಡಿದವರಿಗೆ ಇವನ ಪರಿಚಯ ಇರಲಿಲ್ಲ, ಆದರೂ ಅಳತೆ ಸರಿಯಾಗಿ ಕೂತಿತ್ತು. ಇವನು ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಅವಳ ಮನೆ ಬಾಗಿಲಿಗೆ ಹೋಗಿ ಕೂಗಾಡಬಹುದಿತ್ತು. ಈಗ ಯಾರ ಮೇಲೆ ಕೂಗಾಡುವುದು? ಇವನ ಇನ್ನೊಬ್ಬಳು ಇವಳೇ. ಆದರೆ ಅವನು ಬರೆದ ಆ ಹೆಂಡತಿಗೆ ಎಲ್ಲ ಗೊತ್ತಿತ್ತು. ಅವಳು ಗಂಡನ ಎದೆಗೊರಗಿ ಅತ್ತಿದ್ದಳು, ಸಂಜೆ ಕಿಟಕಿಯ ಬಳಿ ಕೂತು ಅವನ ಮಾತು ಕೇಳಿದ್ದಳು, ಸಾಯುತ್ತಿದ್ದವನ ಪಕ್ಕದಲ್ಲಿ ಇದ್ದಳು. ಇವಳು ಇರುವೆ ಒರೆಸುತ್ತಿದ್ದಳು. ಆ ಇನ್ನೊಬ್ಬಳ ಮೇಲೆ ಇವಳಿಗೆ ಹೊಟ್ಟೆ ಉರಿಯಿತು.

"ಹೆದರಿರ್ತಾನೆ ಕಣೇ," ಎಂದು ಅಕ್ಕ ಅವಳ ಭುಜ ಹಿಡಿದಳು. "ನಿನಗೆ ನೋವಾಗುತ್ತೆ ಅಂತ ಹೊಟ್ಟೇಲಿಟ್ಕೊಂಡಿದಾನೆ."

"ಇವರಿಗೆಲ್ಲ ಹೇಳೋವಾಗ ಆ ಹೊಟ್ಟೆ ಎಲ್ಲಿ ಹೋಗಿತ್ತು?"

ಚಿತಾಗಾರದ ನೌಕರ ಒಳಬಾಗಿಲಿನಿಂದ ತಲೆ ಹಾಕಿ, ಇನ್ನು ಒಳಗೆ ತೆಗೆದುಕೊಳ್ಳುತ್ತೇವೆ, ಕೊನೆಯ ಸಲ ನೋಡುವವರು ನೋಡಬಹುದು ಎಂದ. ನರೆಗೂದಲಿನವಳು ಹತ್ತಿರ ಬಂದಳು.

"ನಮ್ಮನ್ನ ಕ್ಷಮಿಸಿ. ನಮಗೆ ಗೊತ್ತಿರಲಿಲ್ಲ. ಆ ಸಾಲು ಮೊದಲ ಪುಟದಲ್ಲಿ ಬೇಡ ಅಂದ್ರೆ ಬಿಡ್ತೀವಿ."

"ಹಾಕಿ," ಎಂದಳು ಅವಳು. "ಒಳ್ಳೇ ಮಾತು ಅದು. ಕೆಳಗೆ ಅವರ ಹೆಸರು ಮಾತ್ರ ಹಾಕಬೇಡಿ."

"ಮತ್ತೆ ಯಾರ ಹೆಸರು?"

ಅವಳು ಪೆಟ್ಟಿಗೆಯ ಬಳಿಗೆ ನಡೆದಳು.

ಅವನ ಎದೆಯವರೆಗಿದ್ದ ಬಿಳಿ ಹೊದಿಕೆಯನ್ನು ಮಂಡಿಯವರೆಗೆ ಸರಿಸಿದಳು. ನಿನ್ನೆ ತಾನೇ ಆರಿಸಿ ಕೊಟ್ಟ ಬಟ್ಟೆ, ತಾನು ಮಡಚಿ ಹೊಲಿದಿದ್ದ ಬೂದು ಪ್ಯಾಂಟು, ಇಸ್ತ್ರಿ ಮಾಡಿದ ಅಂಗಿ. ಸಿಕ್ಕಿಸಿದ ಅಂಗಿಯ ಕೆಳಗೆ ಎಲ್ಲ ಸರಿಯಾಗಿ ಕೂತು, ಆರೋಗ್ಯವಾಗಿದ್ದವನೊಬ್ಬ ಮಲಗಿದಂತೆ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ಹೊಲಿದಿದ್ದಳು ಅವಳು. ಸೊಂಟಪಟ್ಟಿಯ ಪಕ್ಕಕ್ಕೆ ಬೆರಳು ಹಾಕಿದಳು. ದಪ್ಪ ಒಳಮಡಿಕೆ ಕೈಗೆ ಸಿಕ್ಕಿತು.

ಕೈಚೀಲದಿಂದ ನೂಲು ಕತ್ತರಿಸುವ ಪುಟ್ಟ ಕತ್ತರಿ ತೆಗೆದಳು.

"ಏನೇ ಮಾಡ್ತಿದೀಯ," ಎಂದಳು ಅಕ್ಕ. "ಎಲ್ಲರೂ ನೋಡ್ತಿದಾರೆ."

"ನೋಡಲಿ."

ಮುಂದೆ ಬಿಚ್ಚಲು ಸುಲಭವಾಗಲಿ ಎಂದು ಅವಳೇ ಉದ್ದುದ್ದ ಹಾಕಿದ್ದ ಹೊಲಿಗೆ. ಒಂದೊಂದಾಗಿ ಕತ್ತರಿಸುತ್ತ ಹೋದಳು. ನೌಕರ ಬಾಗಿಲಲ್ಲೇ ನಿಂತ. ಈ ಪಕ್ಕ ಮುಗಿಸಿ ಪೆಟ್ಟಿಗೆಯನ್ನು ಸುತ್ತಿ ಹೋಗಿ ಆ ಪಕ್ಕವನ್ನೂ ಬಿಚ್ಚಿದಳು, ಮಡಿಕೆಗಳನ್ನು ಹೊರಗೆಳೆದು ಅಂಗೈಯಿಂದ ನೀವಿ ನೇರಮಾಡಿದಳು.

ಪ್ಯಾಂಟು ಚೀಲದ ಹಾಗೆ ಎರಡೂ ಕಡೆ ಹರಡಿಕೊಂಡು ಬಿತ್ತು. ನಡುವೆ ಅವನ ಸೊಂಟ ಒಂದು ಮಗುವಿನದರಷ್ಟೇ ಇತ್ತು. ತೊಳೆದು ತೊಳೆದು ಬೂದು ಮಾಸಿದ ಬಟ್ಟೆಯ ಪಕ್ಕದಲ್ಲಿ, ಇಷ್ಟು ದಿನ ಒಳಗೆ ಮಡಚಿಕೊಂಡಿದ್ದ ಪಟ್ಟಿಗಳು ಅಂಗಡಿಯಿಂದ ಇವತ್ತೇ ತಂದಂತೆ ಗಾಢವಾಗಿ ಕಾಣುತ್ತಿದ್ದವು.