ಒಂಬತ್ತು ಅಂಕದ ಕಾಫಿ

ಈ ಕಪ್ಪೂ ಅರ್ಧಕ್ಕೇ ವಾಪಸು ಬಂತು. ಪುಟ್ಟಿ ಅದನ್ನು ಎತ್ತಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದಳು. ನೊಣ ಬಿದ್ದಿಲ್ಲ, ಕೂದಲಿಲ್ಲ, ಹಾಲು ಒಡೆದಿಲ್ಲ. ಕುಡಿದವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಹೊಸದಾಗಿ ಕಲಿಯುವವರ ಪಕ್ಕ ಕೂತು ದಿನವಿಡೀ ಜೀವ ಕೈಯಲ್ಲಿ ಹಿಡಿದುಕೊಂಡಿರುವ ಮನುಷ್ಯ. ಸಿಕ್ಕ ಕಾಫಿಯನ್ನು ಬಿಟ್ಟು ಏಳುವ ಪೈಕಿ ಅಲ್ಲ.

"ಯಾಕೆ ಸಾರ್, ಚೆನ್ನಾಗಿರ್ಲಿಲ್ವಾ?"

"ಛೆ ಛೆ, ಬಹಳ ಚೆನ್ನಾಗಿತ್ತಮ್ಮ. ಹೊಟ್ಟೆ ತುಂಬಿತ್ತು, ಅಷ್ಟೇ."

ಹೊಟ್ಟೆ ತುಂಬಿದ ಮೇಷ್ಟ್ರು ರಸ್ತೆ ದಾಟಿ, ಬಸ್ ನಿಲ್ದಾಣದ ಮೂಲೆಯಲ್ಲಿದ್ದ ಕಾಫಿ ಅಂಗಡಿಗೆ ನೆಟ್ಟಗೆ ನುಗ್ಗಿದ್ದನ್ನು ಪುಟ್ಟಿ ಕಿಟಕಿಯಿಂದಲೇ ಕಂಡಳು. ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಆ ಮೂಲೆಯಂಗಡಿಗೆ ಹತ್ತಕ್ಕೆ ಮೂರು ಅಂಕ ಕೊಟ್ಟು ಬಂದವಳು ಅವಳೇ.

ಅಂಕ ಕೊಡುವುದು ಅವರ ಮೂವರ ಹಳೆಯ ಚಾಳಿ. ಪುಟ್ಟಿ, ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿ ಹಲ್ಲಿನ ವೈದ್ಯೆಯಾದ ಡಾಕ್ಟರಮ್ಮ, ಮತ್ತೆ ಶಾಲಾ ಮಕ್ಕಳ ಬಟ್ಟೆ ಹೊಲಿಯುವ ಟೈಲರಣ್ಣ. ಭಾನುವಾರ ಬಂದರೆ ಸಾಕು, ಊರಿನ ಸಣ್ಣಪುಟ್ಟ ಕಾಫಿ ಅಂಗಡಿಗಳ ಮೇಲೆ ದಂಡೆತ್ತಿ ಹೋಗುತ್ತಿದ್ದರು. ಒಂದೇ ದಿನ ನಾಲ್ಕಾರು ಅಂಗಡಿ ಮುಗಿಸಬೇಕಾದ್ದರಿಂದ ಎಲ್ಲಿ ಹೋದರೂ ಮೂವರಿಗೆ ಒಂದೇ ಕಪ್ಪು. ತಲೆಗೆ ಎರಡು ಗುಟುಕು. ಆಮೇಲೆ ಕಣ್ಣು ಮುಚ್ಚಿ, ಮೂವರೂ ಒಟ್ಟಿಗೆ ಬೆರಳೆತ್ತಿ ಅಂಕ ತೋರಿಸುವುದು. ನಂಟು, ಸ್ನೇಹ, ದಾಕ್ಷಿಣ್ಯ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಟೈಲರಣ್ಣನ ಸ್ವಂತ ಭಾವಮೈದುನನ ಅಂಗಡಿಗೆ ಎರಡು ಕೊಟ್ಟು, ಅವನು ಮಾತು ಬಿಟ್ಟದ್ದೂ ಆಗಿತ್ತು. ಅಳತೆ ಕೊಡಲು ಬಂದವರು ಈ ಅಂಕಗಳನ್ನೆಲ್ಲ ಕೇಳದೆ ಟೈಲರಣ್ಣನ ಟೇಪಿನಿಂದ ಬಿಡಿಸಿಕೊಳ್ಳುವಂತಿರಲಿಲ್ಲ. ಡಾಕ್ಟರಮ್ಮನ ಕುರ್ಚಿಯಲ್ಲಂತೂ ಬಾಯಿ ತೆರೆದುಕೊಂಡೇ ಕೇಳಬೇಕು, ಎದುರು ಮಾತಾಡುವ ಹಾಗಿಲ್ಲ.

ಇಷ್ಟೆಲ್ಲ ರುಚಿ ಬಲ್ಲವಳು ತಾನೇ ಒಂದು ಅಂಗಡಿ ಯಾಕೆ ತೆರೆಯಬಾರದು ಎಂದು ಪುಟ್ಟಿಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಪಾರ್ಸೆಲ್ ಕಚೇರಿಯಲ್ಲಿ ಫೋನಿನ ಮುಂದೆ ಕೂತು, ಕಂಡರಿಯದ ಜನರಿಂದ ಕಳೆದುಹೋದ ಪಾರ್ಸೆಲ್ಲುಗಳಿಗಾಗಿ ಬೈಸಿಕೊಳ್ಳುತ್ತಲೇ ಅವಳ ಕೂದಲು ಬೆಳ್ಳಗಾಗಿತ್ತು. ಆ ಕೆಲಸ ಬಿಟ್ಟಳು. ಕಣ್ಣು ಮಂಜಾಯಿತೆಂದು ಅವಳ ಒಡಹುಟ್ಟಿದ ಅಣ್ಣ ಮುಚ್ಚಿದ್ದ ಗಡಿಯಾರ ರಿಪೇರಿಯ ಅಂಗಡಿಗೆ ಸುಣ್ಣ ಹೊಡೆಸಿ, ಕಾಫಿ ಯಂತ್ರ ತಂದಿಟ್ಟಳು. ಮೊದಲ ಭಾನುವಾರ ಸ್ನೇಹಿತರು ಬಂದು, ಎರಡು ಗುಟುಕು ಕುಡಿದು, ಒಂಬತ್ತು ಬೆರಳು ಎತ್ತಿದರು. ಅವರು ಯಾರಿಗೂ ಒಂಬತ್ತು ಕೊಟ್ಟವರೇ ಅಲ್ಲ. ಪುಟ್ಟಿ ಅವತ್ತು ಯಂತ್ರದ ಹಿಂದೆ ನಿಂತು ಅತ್ತುಬಿಟ್ಟಿದ್ದಳು.

ಆದರೆ ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ. ಅಣ್ಣ ಕೆಟ್ಟವನಲ್ಲ, ಆದರೂ ಎಷ್ಟು ದಿನ ನೋಡಿಯಾನು? "ಈ ಬೇಸಿಗೆ ಮುಗಿಯೋವರೆಗೂ ನೋಡು ಪುಟ್ಟಿ. ಆಗ್ಲಿಲ್ಲ ಅಂದ್ರೆ ಔಷಧಿ ಅಂಗಡಿಯವನು ಕೇಳ್ತಾ ಇದಾನೆ, ಕೊಟ್ಬಿಡೋಣ," ಎಂದಿದ್ದ. ಬೇಸಿಗೆ ಮುಗಿಯುತ್ತಾ ಬಂದಿತ್ತು. ಅಂಗಡಿ ಹೋದರೆ ಮತ್ತೆ ಆ ಫೋನಿನ ಮುಂದೆಯೇ ಕೂರಬೇಕು.

ಮೇಷ್ಟ್ರು ಹೋದ ಮೇಲೆ ಅಂಗಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಸಂಕಟಕ್ಕೆ ಪುಟ್ಟಿ ತನಗೇ ಒಂದು ಕಾಫಿ ಮಾಡಿಕೊಂಡು, ಗಿರಾಕಿಗಳ ಮೇಜಿನಲ್ಲಿ ಮೊದಲ ಸಲ ಕೂತಳು. ಮೊದಲ ಗುಟುಕಿಗೆ ಮೈ ಜುಮ್ಮೆಂದಿತು. ಎರಡನೆಯದಕ್ಕೆ, ಒಂಬತ್ತೇನು, ಹತ್ತೇ ಕೊಡಬಹುದು ಎನ್ನಿಸಿತು. ಮೂರನೆಯದಕ್ಕೆ ನಾಲಿಗೆ ಯಾಕೋ ಒಣಗಿತು. ಅರ್ಧಕ್ಕೆ ಬರುವಷ್ಟರಲ್ಲಿ ಎದೆ ಉರಿಯತೊಡಗಿ, ಕುಡಿಯುವುದೇ ಒಂದು ಶಿಕ್ಷೆಯಾಯಿತು. ಹಟ ಹಿಡಿದು ಇನ್ನೊಂದು ಗುಟುಕು ಎಳೆದಳು. ಆಗಲಿಲ್ಲ, ಕಪ್ಪು ಕೆಳಗಿಟ್ಟಳು.

ಆಗ ಹೊಳೆಯಿತು. ತನ್ನ ಕಾಫಿಯನ್ನು ಅವಳು ಇವತ್ತಿನವರೆಗೂ ಎರಡು ಗುಟುಕಿನ ಮೇಲೆ ಕುಡಿದೇ ಇರಲಿಲ್ಲ. ತನ್ನದನ್ನಷ್ಟೇ ಅಲ್ಲ, ಊರಿನ ಯಾವ ಅಂಗಡಿಯದನ್ನೂ. ಎರಡು ಗುಟುಕಿಗೆ ತಲೆದೂಗುವ ನಾಲಿಗೆಯನ್ನು ನಂಬಿ, ಬೀಜವನ್ನು ಇದ್ದಿಲಿನಂತೆ ಹುರಿಸಿ, ನೀರು ಕಡಿಮೆ ಮಾಡಿ, ಎರಡೇ ಗುಟುಕಿನ ಕಾಫಿಯನ್ನು ಕಪ್ಪು ತುಂಬ ಕೊಡುತ್ತಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಬಾಗಿಲಿಗೆ ಬೀಗ ಜಡಿದು ಮೂಲೆಯಂಗಡಿಗೆ ನಡೆದಳು. ಅಂಗಡಿಯ ಹೆಂಗಸು ಹುಬ್ಬೇರಿಸಿದಳು. "ಒಬ್ರೇ ಬಂದ್ರಾ? ಒಂದು ಕಪ್ಪಿಗೆ ಮೂರು ಬಾಯಿ ಬರ್ತಿತ್ತಲ್ಲ."

"ಇವತ್ತು ಒಂದೇ ಬಾಯಿ. ಪೂರ್ತಿ ಕಪ್ಪು."

ಮೊದಲ ಗುಟುಕು ಮೂರು ಅಂಕದ್ದೇ, ಅದರಲ್ಲಿ ಸಂಶಯವಿರಲಿಲ್ಲ. ಆದರೆ ಪುಟ್ಟಿ ಬಸ್ಸುಗಳನ್ನು ನೋಡುತ್ತ, ಪಕ್ಕದವರ ಜಗಳಕ್ಕೆ ಕಿವಿ ಕೊಡುತ್ತ ಕುಡಿಯುತ್ತಾ ಹೋದಳು. ಬಿಗಿದುಕೊಂಡಿದ್ದ ಹೆಗಲು ಯಾವಾಗ ಸಡಿಲವಾಯಿತೋ ತಿಳಿಯಲಿಲ್ಲ. ಕಪ್ಪಿನ ತಳದಲ್ಲಿ ಒಂದು ನೀಲಿ ಹೂವು ಬರೆದಿತ್ತು. ಎಷ್ಟೋ ಸಲ ಬಂದಿದ್ದರೂ ಅವಳು ಅದನ್ನು ಕಂಡಿರಲಿಲ್ಲ.

ಮೂಲೆಯಂಗಡಿಯನ್ನು ನಕಲು ಮಾಡಲು ಅವಳ ಸ್ವಾಭಿಮಾನ ಒಪ್ಪಲಿಲ್ಲ. ಬೀಜದ ಹುರಿತವನ್ನು ಹದಕ್ಕೆ ಇಳಿಸಿದಳು, ಪುಡಿಯನ್ನು ತುಸು ತರಿ ಮಾಡಿಸಿದಳು, ಹಾಲು ಹೆಚ್ಚಿಸಿದಳು, ಮತ್ತೆ ಕಡಿಮೆ ಮಾಡಿದಳು. ಪ್ರತಿ ಸಲವೂ ಪೂರ್ತಿ ಕಪ್ಪು ಕುಡಿದೇ ತೀರ್ಮಾನಿಸಬೇಕೆಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಳು. ಅದರ ಫಲವಾಗಿ ನಿದ್ದೆ ಹಾರಿಹೋಗಿ, ಗೂಬೆಯ ಕಣ್ಣು ಮಾಡಿಕೊಂಡು ತಿರುಗಿದಳು. ಕೊನೆಗೆ ಒಂದು ಬೆಳಗ್ಗೆ, ಕುಡಿಯುತ್ತಿದ್ದೇನೆ ಎಂಬುದನ್ನೇ ಮರೆತು, ಹಾಲಿನವನೊಂದಿಗೆ ಹರಟುತ್ತ ಕಪ್ಪು ಮುಗಿಸಿಬಿಟ್ಟಿದ್ದಳು. ಸಿಕ್ಕಿತು ಎಂದುಕೊಂಡಳು.

ಮೇಷ್ಟ್ರನ್ನು ಬೀದಿಯಲ್ಲೇ ಅಡ್ಡಗಟ್ಟಿ ಕರೆತಂದಳು. ಅವರು ಮೊಬೈಲಿನಲ್ಲಿ ಯಾರಿಗೋ ಕ್ಲಚ್ಚಿನ ವಿಷಯವಾಗಿ ಬೈಯುತ್ತಲೇ ಕುಡಿದು, ಬೈಯುತ್ತಲೇ ಎದ್ದು ಹೋದರು. ಕಾಫಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಪುಟ್ಟಿ ಓಡಿಹೋಗಿ ಕಪ್ಪು ನೋಡಿದಳು. ಖಾಲಿ. ಇಡೀ ಅಂಗಡಿಯಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕಳು. ಮರುದಿನ ಮೇಷ್ಟ್ರು ತಾವಾಗಿಯೇ ಬಂದರು, ಅವರ ಬೆನ್ನ ಹಿಂದೆ ನಡುಗುವ ಕೈಗಳ ಶಿಷ್ಯರೂ ಬಂದರು. ಎದುರಿನ ಬಟ್ಟೆಯಂಗಡಿಯವರು ಬಂದರು. ಮುಖ್ಯವಾಗಿ, ಬಂದವರು ಮತ್ತೆ ಬಂದರು.

ಭಾನುವಾರ ಸ್ನೇಹಿತರು ಬಂದಾಗ ಅಂಗಡಿ ಗಿಜಿಗುಟ್ಟುತ್ತಿತ್ತು. ಗೋಡೆ ಪಕ್ಕದ ಮೇಜೊಂದು ಕಷ್ಟಪಟ್ಟು ಸಿಕ್ಕಿತು. ಪದ್ಧತಿಯಂತೆ ಒಂದೇ ಕಪ್ಪು ತರಿಸಿ, ಎರಡೆರಡು ಗುಟುಕು ಕುಡಿದು, ಕಣ್ಣು ಮುಚ್ಚಿದರು. ಡಾಕ್ಟರಮ್ಮನ ಆರು ಬೆರಳು ಮೇಲೆದ್ದವು. ಟೈಲರಣ್ಣನದೂ ಆರೇ.

"ಏನೇ ಮಾಡಿದ್ದೀಯ ಇದಕ್ಕೆ?" ಡಾಕ್ಟರಮ್ಮನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಚಿನ್ನದಂಥ ಕಾಫಿ ಇತ್ತು. ಎಲ್ಲಾ ಕೆಡಿಸಿಟ್ಟಿದ್ದೀಯ."

"ನಾನು ಊರಿಗೆಲ್ಲ ಒಂಬತ್ತು ಅಂತ ಸಾರಿದ್ದೀನಲ್ಲ ಪುಟ್ಟಿ," ಎಂದ ಟೈಲರಣ್ಣ ದುಃಖದಿಂದ. "ಈಗ ಯಾವ ಮುಖ ಇಟ್ಕೊಂಡು ಆರು ಅನ್ನಲಿ?"

"ಆರು ಅಂತಾನೇ ಹೇಳಿ ಟೈಲರಣ್ಣ. ನನಗೇನೂ ಬೇಜಾರಿಲ್ಲ." ಪುಟ್ಟಿ ಇಬ್ಬರ ಮುಂದೆಯೂ ಒಂದೊಂದು ಪೂರ್ತಿ ಕಪ್ಪು ಇಟ್ಟಳು. "ಇವತ್ತು ಬೇರೆ ಅಂಗಡಿ ಇಲ್ಲ. ಇಲ್ಲೇ ಕೂತ್ಕೊಂಡು ಎಷ್ಟು ಬೇಕೋ ಅಷ್ಟು ಬೈರಿ."

"ಬೈದೇ ಬೈತೀವಿ," ಎಂದಳು ಡಾಕ್ಟರಮ್ಮ, ಕಪ್ಪು ಹತ್ತಿರ ಎಳೆದುಕೊಳ್ಳುತ್ತ.

ಅಷ್ಟರಲ್ಲಿ ಅಣ್ಣ ಬಂದ. ಬಾಗಿಲಲ್ಲೇ ನಿಂತು, ಕೂರಲು ಜಾಗ ಹುಡುಕಿ, ಸಿಗದೆ ಯಂತ್ರದ ಪಕ್ಕ ಬಂದು ನಿಂತ. ಮಂಜುಗಣ್ಣು ಕಿರಿದು ಮಾಡಿಕೊಂಡು ಒಂದೊಂದೇ ಮೇಜು ನೋಡಿದ. ತಂಗಿ ಕೊಟ್ಟ ಕಾಫಿಯನ್ನು ನಿಂತೇ ಕುಡಿದು ಮುಗಿಸಿದ.

"ಔಷಧಿ ಅಂಗಡಿಯವನು ಸಂಜೆ ಬರ್ತೀನಿ ಅಂದಿದ್ದ," ಎಂದು ಗಂಟಲು ಸರಿಮಾಡಿಕೊಂಡ. "ನಾಳೆ ಬಾ ಅಂತೀನಿ."

"ನಾಳೆನೂ ಬೇಡ ಅಂತ ಹೇಳಣ್ಣ."

ಅಣ್ಣ ಅವಳ ಮುಖವನ್ನೇ ನೋಡಿದ. ಅವನಿಗೂ ನಗು ತಡೆಯಲಾಗಲಿಲ್ಲ. "ಆಯ್ತು, ಬೇರೆ ಕಡೆ ನೋಡ್ಕೋ ಅಂತೀನಿ. ಇಲ್ಲಿ ನನಗೇ ಕೂರೋಕೆ ಜಾಗ ಇಲ್ಲ." ಅವನು ಅಂಗಿಯ ತೋಳು ಮಡಚಿ, ತೊಳೆಯಬೇಕಾದ ಕಪ್ಪುಗಳ ಕಡೆ ಹೋದ. ಪುಟ್ಟಿಗೆ ಗೆದ್ದೆ ಎನ್ನಿಸಿತು. ಕೂಗಿ ಹೇಳಬೇಕೆನ್ನಿಸುವಷ್ಟು ಗೆದ್ದಿದ್ದಳು.

ಗೋಡೆ ಪಕ್ಕದ ಮೇಜಿನಲ್ಲಿ ಇನ್ನೂ ಬೈಗುಳ ನಡೆದಿತ್ತು. ಮೊದಲ ಗುಟುಕಿನಲ್ಲಿ ದಮ್ಮೇ ಇಲ್ಲ ಎಂದು ಟೈಲರಣ್ಣ, ಪರಿಮಳವೆಲ್ಲ ಹಾಲಿನಲ್ಲಿ ಮುಳುಗಿಹೋಗಿದೆ ಎಂದು ಡಾಕ್ಟರಮ್ಮ. ಪುಟ್ಟಿ ಬಟ್ಟೆ ಹಿಡಿದು ಪಕ್ಕದ ಮೇಜು ಒರೆಸಲು ಹೋದಳು.

"ಎಷ್ಟು ಹಲ್ಲು ಕಿಸಿದ್ರೂ ಆರೇ," ಎಂದಳು ಡಾಕ್ಟರಮ್ಮ. "ಸ್ನೇಹ ಅಂತ ಅರ್ಧ ಅಂಕನೂ ಜಾಸ್ತಿ ಕೊಡಲ್ಲ, ತಿಳ್ಕೋ." ಹಾಗೆನ್ನುತ್ತಲೇ ಕಪ್ಪನ್ನು ಬಾಯಿಗೆ ಬಗ್ಗಿಸಿದಳು. ಏನೂ ಬರಲಿಲ್ಲ. ಒಳಗೆ ಒಮ್ಮೆ ಇಣುಕಿ ನೋಡಿ, ಟೈಲರಣ್ಣನ ಜೊತೆ ವಾದ ನಿಲ್ಲಿಸದೆಯೇ, ಇನ್ನೊಂದಕ್ಕೆಂದು ಅದನ್ನು ಪುಟ್ಟಿಯ ಕಡೆ ಚಾಚಿದಳು.