ನೇರಳೆ ಟೋಪಿಯ ಹೆಬ್ಬಾತು

ಆ ಲಿಡನ್ ಅನ್ನೋ ಚಿತ್ರಗಾರನ ಕೈಯಲ್ಲಿ ಏನು ಕಲೆ ಇತ್ತು ಅಂತೀರಿ! ಲಂಡನ್ನಿನಿಂದ ನಮ್ಮ ಬಿಡೆಫರ್ಡಿಗೆ ಬಂದವನು ಬೇಸಿಗೆ ಪೂರ್ತಿ ಬಂದರುಕಟ್ಟೆ ಮೇಲೆ ಕೂತ. ಹೋಗಿಬರುವವರ ನಡಿಗೆ, ಕೊಡೆ, ಬಟ್ಟೆ ಎಲ್ಲ ಇದ್ದದ್ದು ಇದ್ದಹಾಗೆ ಬರೆದುಕೊಂಡು, ಕುತ್ತಿಗೆ ಮೇಲೆ ಮಾತ್ರ ಪ್ರಾಣಿಗಳ ತಲೆ ಕೂರಿಸಿದ. ಕ್ರಿಸ್‌ಮಸ್ಸಿಗೆ ಆ ಚಿತ್ರಗಳದೇ ಒಂದು ಮಕ್ಕಳ ಪುಸ್ತಕ ಬಂತು. ಪಾದ್ರಿಗಳು ಕೊಕ್ಕರೆ, ಮಾಂಸದಂಗಡಿಯವನು ಬುಲ್‌ಡಾಗ್. ಊರಿಗೆ ಊರೇ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಪಕ್ಕದ ಮನೆಯವರ ಮೂತಿ ಎಲ್ಲರಿಗೂ ಸಿಕ್ಕಿತು, ತಮ್ಮದು ಮಾತ್ರ ಒಬ್ಬರಿಗೂ ಸಿಗಲಿಲ್ಲ. ನಾನಂತೂ ಅದರಲ್ಲಿ ಇಲ್ಲವೇ ಇಲ್ಲ. ಪೊರಕೆ ಹಿಡಿದ ಮುಳ್ಳುಹಂದಿ ನೀನೇ ಅಂತ ಹಾಲಿನವಳು ಅಂದಳು. ಅವಳಿಗೆ ಕಣ್ಣು ನೆಟ್ಟಗಿಲ್ಲ.

ನನ್ನ ತಮ್ಮ ಆಂಬ್ರೋಸ್‌ಗೆ ಔಷಧದಂಗಡಿ. ಹೆಂಡತಿ ತೀರಿಕೊಂಡ ಮೇಲೆ ಮನೆ, ಮಕ್ಕಳು, ಅಡುಗೆ ಎಲ್ಲ ನನ್ನ ತಲೆ ಮೇಲೆ. ಈಗ ನೋಡಿದರೆ ಟೋಪಿಗಳಿಗೆ ಹೂವು ಹೊಲಿಯೋ ಮಿಸ್ ವಿನಿಫ್ರೆಡ್ ಟಾಪ್ಸ್ಕಟ್ ಮೇಲೆ ಮನಸ್ಸಂತೆ. ವಯಸ್ಸು ಮೀರಿದ ಹೆಣ್ಣು, ಹಿಂದೆಮುಂದೆ ಯಾರೂ ಇಲ್ಲ.

"ಭಾನುವಾರ ಚಹಾಕ್ಕೆ ಕರೆದಿದೀನಕ್ಕ. ಅವತ್ತೇ ಕೇಳಿಬಿಡ್ತೀನಿ," ಅಂದ.

"ಕೇಳಪ್ಪ, ಧಾರಾಳವಾಗಿ ಕೇಳು," ಅಂದೆ. ಅವಳು ಒಳಗೆ ಬಂದರೆ ನಾನು ಹೊರಗೆ, ದೂರದ ಎಕ್ಸೆಟರಿನಲ್ಲಿ ಯಾರದೋ ಮನೆಯ ಅಟ್ಟದ ಮೇಲೆ ಬಾಡಿಗೆಗೆ.

ಭಾನುವಾರ ಬಂದಳು. ಕಂಕುಳಲ್ಲಿ ಅದೇ ಪುಸ್ತಕ!

"ಮಕ್ಕಳಿಗೆ ಅಂತ ತಂದೆ," ಅಂದಳು. "ಇದರಲ್ಲೊಂದು ಹೆಬ್ಬಾತು ಇದೆ ನೋಡಿ, ನಕ್ಕೂ ನಕ್ಕೂ ಸಾಕಾಯ್ತು ನಂಗೆ. ನನ್ನ ಟೋಪಿನೇ ಕದ್ದು ಹಾಕಿದಾನೆ ಕಳ್ಳ!"

ಹಾಳೆ ತೆರೆದಳು. ನೇರಳೆ ಟೋಪಿಯ ಹೆಬ್ಬಾತು, ಕೊಕ್ಕು ಆಕಾಶಕ್ಕೆ, ಕೊಡೆ ಎದೆಗೆ ಒತ್ತಿಕೊಂಡು, ಅಂಗೈಯಗಲದ ಕೊಚ್ಚೆಯನ್ನು ಸಮುದ್ರ ದಾಟುವವಳ ಹಾಗೆ ದಾಟುತ್ತಿದೆ. ಒಂದೊಂದು ಪುಕ್ಕವನ್ನೂ ಎಷ್ಟು ಮುದ್ದಾಗಿ ಬರೆದಿದ್ದ ಪಾಪಿ. ಮಕ್ಕಳಿಬ್ಬರೂ ಚಿತ್ರ ನೋಡಿದರು, ಅವಳನ್ನು ನೋಡಿದರು.

"ಅತ್ತೆ, ಇದು ಇವರೇ!" ಅಂದ ಹ್ಯೂ.

"ಶ್! ಹಾಗೆಲ್ಲ ಎದುರಿಗೆ ಹೇಳಬಾರದು ಮರಿ," ಅಂದೆ, ಎಲ್ಲರಿಗೂ ಕೇಳಿಸುವ ಹಾಗೆ.

ಅವಳ ನಗು ಅರ್ಧಕ್ಕೇ ನಿಂತಿತು. "ಹೌದಾ, ಆಂಬ್ರೋಸ್? ನಾನು... ಹೀಗಿದೀನಾ?"

ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನು ತುಟಿ ಕಚ್ಚಿಕೊಂಡು ಕೂತಿದ್ದವನು, ಕಿಸಕ್ಕನೆ ನಕ್ಕುಬಿಟ್ಟ. "ಕ್ಷಮಿಸಿ ವಿನಿಫ್ರೆಡ್, ಆ ಕುತ್ತಿಗೆ ನೋಡಿ, ತಡೆಯಕ್ಕಾಗಲಿಲ್ಲ!"

ಅವಳ ಕಿವಿಯವರೆಗೂ ಕೆಂಪೇರಿತು. ಅತ್ತುಬಿಡುತ್ತಾಳೇನೋ ಅಂತ ನನಗೆ ಭಯ. ಅತ್ತಿದ್ದರೆ ನನ್ನ ತಮ್ಮ ಕರಗಿಹೋಗುತ್ತಿದ್ದ, ಅಲ್ಲೇ ಮಂಡಿಯೂರುತ್ತಿದ್ದ. ನನಗೆ ಅವನು ಗೊತ್ತಿಲ್ಲವೇ?

ಅಳಲಿಲ್ಲ ಕಣ್ರೀ, ಆ ಹುಚ್ಚಿ. ಎದ್ದಳು. ಕೊಡೆ ಎದೆಗೆ ಒತ್ತಿಕೊಂಡು, ಕುತ್ತಿಗೆ ನೀಡಿ, ಹಿಂದೆ ಕುಂಡೆ ಅಲ್ಲಾಡಿಸುತ್ತ, "ಕ್ವಾಂಕ್! ಕ್ವಾಂಕ್!" ಅಂತ ಮೇಜಿನ ಸುತ್ತ ಹೊರಟಳು. ಮಕ್ಕಳು ಕೇಕೆ ಹಾಕಿ ಬೆನ್ನಿಗೆ ಬಿದ್ದವು. ಸುತ್ತು ಬಂದಾಗೆಲ್ಲ ಅವಳ ಕಣ್ಣು ಆಂಬ್ರೋಸ್ ಮೇಲೆ: ಸಾಕಾ? ಇಷ್ಟವಾಯಿತಾ? ಮೊದಲು ಅವನೂ ನಕ್ಕ. ಆಮೇಲೆ ಖಾಲಿ ಬಟ್ಟಲಿನೊಳಗೆ ನೋಡುತ್ತ ಕೂತ. ಕೊನೆಗೆ ಎದ್ದುಹೋಗಿ ಅವಳ ಕೋಟು ತಂದ.

"ಗಾಳಿ ಜೋರಾಗೋ ಮುಂಚೆ ಹೊರಡಿ, ಮಿಸ್ ಟಾಪ್ಸ್ಕಟ್."

ನಾನು ಇನ್ನೂ ಚಹಾ ಬಗ್ಗಿಸಿರಲೇ ಇಲ್ಲ. ಅವನೂ ಕೋಟು ಹಾಕಿಕೊಳ್ಳುತ್ತಾನೆ, ಜೊತೆಗೆ ಬರುತ್ತಾನೆ ಅಂದುಕೊಂಡು ಅವಳು ಬಾಗಿಲಲ್ಲಿ ಕಾದಳು. ಅವನು ಬಾಗಿಲು ಹಾಕಿದ.

ಮಕ್ಕಳು ಮಾತ್ರ ಗೇಟಿನವರೆಗೂ ಓಡಿದವು. "ಇನ್ನೊಂದು ಸಲ! ಇನ್ನೊಂದೇ ಸಲ!"

ಅವಳು ತಿರುಗಿ ನಮ್ಮ ಕಿಟಕಿ ನೋಡಿದಳು. ಪರದೆ ಅಲ್ಲಾಡಿದ್ದು ಕಂಡಿರಬೇಕು, ಮುಖ ಅರಳಿತು. ಚರ್ಚಿನಿಂದ ಬರುವವರು ನಿಂತು ನೋಡುತ್ತಿದ್ದರೂ ನಡುಬೀದಿಯಲ್ಲಿ ಕುತ್ತಿಗೆ ನೀಡಿ, ಇನ್ನಷ್ಟು ಜೋರಾಗಿ ಕ್ವಾಂಕ್ ಅಂದಳು.

ಆಂಬ್ರೋಸ್ ಆಗಲೇ ಅಡುಗೆಮನೆಯಲ್ಲಿ ಕೇಕ್ ತಿನ್ನುತ್ತಿದ್ದ. ಪರದೆ ಸರಿಸಿದವಳು ನಾನು.